ಎಸ್.ಪಿ. ರೋಡಿನಿಂದ ತಂದ ಎರಡು ಸಿಪಿಯು, ಒಂದೂವರೆ ವರ್ಷ ಆದ ಮೇಲೆ

ಹನುಮಂತನಗರದಲ್ಲಿ ನಮ್ಮದೊಂದು ಚಿಕ್ಕ ಅಂಗಡಿ. ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ, ಸ್ಪೈರಲ್ ಬೈಂಡಿಂಗ್, ಆಷಾಢ ಕಳೆದರೆ ಲಗ್ನಪತ್ರಿಕೆ. 2004ರಿಂದ ನಡೆಸುತ್ತಿದ್ದೇನೆ. 2024ರ ಜುಲೈನಲ್ಲಿ ಬೆಂಗಳೂರಿನ ಕಂಪ್ಯೂಟರ್ ಪೇಟೆ ಎಸ್.ಪಿ. ರೋಡಿಗೆ ಹೋಗಿ ಎರಡು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಂದೆ. ಎರಡೂ ಯಾವುದೋ ಆಫೀಸಿನಲ್ಲಿ ದುಡಿದು ಬಂದವು. ಒಂದೇ ಕಂಪನಿಯ ಒಂದೇ ಮಾಡೆಲ್ಲಿನ ಕರಿ ಡಬ್ಬಗಳು. ನಾವೆಲ್ಲ ಆ ಡಬ್ಬಕ್ಕೇ ಸಿಪಿಯು ಅನ್ನುತ್ತೇವೆ. ಆದರೆ ನಿಜವಾದ ಸಿಪಿಯು ಅದರೊಳಗೆ, ಫ್ಯಾನಿನ ಕೆಳಗೆ, ಬಿಸ್ಕತ್ತಿನಷ್ಟು ದೊಡ್ಡದಾಗಿ ಕೂತಿರುತ್ತದೆ. ನಾನು ತಂದ ಎರಡು ಡಬ್ಬಗಳಿಗೆ ಇದ್ದ ವ್ಯತ್ಯಾಸ ಆ ಬಿಸ್ಕತ್ತು ಮಾತ್ರ.

ಒಂದರಲ್ಲಿ ಇಂಟೆಲ್ ಪೆಂಟಿಯಂ ಜಿ4400. ಇನ್ನೊಂದರಲ್ಲಿ ಇಂಟೆಲ್ ಕೋರ್ ಐ3-6100. ಎರಡೂ 2015ರ ಸ್ಕೈಲೇಕ್ ತಲೆಮಾರಿನವು. ಎರಡರಲ್ಲೂ ಎರಡೇ ಕೋರ್, ಅಂದರೆ ಆದೇಶ ನಡೆಸುವ ಎರಡೇ ಭಾಗ. ಎರಡಕ್ಕೂ 3 ಎಂಬಿ ಎಲ್3 ಕ್ಯಾಶ್, ಅಂದರೆ ಚಿಪ್ಪಿನೊಳಗೇ ಇರುವ ಸಣ್ಣ, ವೇಗದ ನೆನಪಿನ ಜಾಗ. ಪೆಂಟಿಯಂ 3.3 ಗಿಗಾಹರ್ಟ್ಸ್, ಐ3 3.7. ಇದರ ಜೊತೆಗೆ ಐ3ಗೆ ಹೈಪರ್ ಥ್ರೆಡಿಂಗ್ ಇದೆ, ಅಂದರೆ ಒಂದು ಕೋರ್ ಎರಡರಂತೆ ಕಾಣಿಸಿಕೊಂಡು ದುಡಿಯುವ ಉಪಾಯ. ಪೆಂಟಿಯಂಗೆ ಇಲ್ಲ. ಪೆಂಟಿಯಂ ಡಬ್ಬಕ್ಕೆ 6,200 ಕೊಟ್ಟೆ, ಐ3 ಡಬ್ಬಕ್ಕೆ 8,000. ಎರಡರಲ್ಲೂ 8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ.

ಆ 1,800 ರೂಪಾಯಿ ಜಾಸ್ತಿ ಕೊಟ್ಟಿದ್ದು ಸರಿಯಾಯ್ತಾ? ಒಂದೂವರೆ ವರ್ಷ ದುಡಿಸಿಕೊಂಡು ನೋಡಿದ್ದೇನೆ. ಈಗ ಹೇಳುವ ಧೈರ್ಯ ಬಂದಿದೆ.

ಮೊದಲು ಆ ಶನಿವಾರದ ಕಥೆ. ಟೌನ್ ಹಾಲ್ ಹತ್ತಿರ ಬಸ್ ಇಳಿದು ನಡೆದುಕೊಂಡು ಹೋದೆ. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಹಾಗಾಗಿ ಶನಿವಾರವೇ ನಮ್ಮ ಅಂಗಡಿ ಹುಡುಗಿಗೆ ಒಪ್ಪಿಸಿ ಹೊರಟಿದ್ದೆ. ಮೊದಲು ಹೋದ ಅಂಗಡಿಯಲ್ಲಿ ಒಂದು ಐ3-6100 ಆನ್ ಮಾಡಿ ತೋರಿಸಿದರು. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದರು. ತೆರೆಯ ಮೇಲೆ ನಾಲ್ಕು ಚೌಕ, ನಾಲ್ಕರಲ್ಲೂ ಗೆರೆ ಏರಿಳಿಯುತ್ತಿತ್ತು.

“ನೋಡಿ ಮೇಡಂ, ನಾಲ್ಕು ಕೋರ್. ಐ5ಗೂ ಇಷ್ಟೇ ಬರೋದು. ಅದಕ್ಕೇ ಎರಡಕ್ಕೂ ಒಂದೇ ರೇಟು, ಹತ್ತು ಸಾವಿರ.”

ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಕೋರ್ಸ್ 2, ಲಾಜಿಕಲ್ ಪ್ರೊಸೆಸರ್ಸ್ 4 ಅಂತ ಇತ್ತು. ಬೆರಳಿಟ್ಟು ತೋರಿಸಿದೆ. “ಅದು ವಿಂಡೋಸ್ ಹಂಗೇ ತೋರಿಸುತ್ತೆ ಮೇಡಂ, ತಲೆ ಕೆಡಿಸ್ಕೋಬೇಡಿ” ಅಂದರು. ಎದ್ದು ಬಂದೆ. ನಿಜವಾಗಲೂ ಸಿಟ್ಟು ಬಂದಿತ್ತು. ಮನೆಯಲ್ಲಿ ಕೂಡಿಟ್ಟ ದುಡ್ಡು ತಂದು ಮಗನಿಗೆ ಕಂಪ್ಯೂಟರ್ ಕೊಡಿಸಲು ಬಂದವರಿಗೆ ಆ ಸಣ್ಣ ಅಕ್ಷರ ಹೇಗೆ ಕಾಣಬೇಕು?

ನನಗೆ ಕಂಡಿದ್ದು ಯಾಕೆಂದರೆ ನಾನು ಒಮ್ಮೆ ನಂಬಿದವಳು. 2004ರಲ್ಲಿ ಅಂಗಡಿ ಶುರು ಮಾಡಿದಾಗ ಅಸೆಂಬಲ್ ಮಾಡಿಸಿದ್ದು ಪೆಂಟಿಯಂ 4, 3.0 ಗಿಗಾಹರ್ಟ್ಸ್. ಡಬ್ಬದ ಮುಂದೆ ಎಚ್‌ಟಿ ಅಂತ ಸ್ಟಿಕ್ಕರ್. ಹೈಪರ್ ಥ್ರೆಡಿಂಗಿಗೇ ಎಚ್‌ಟಿ ಅನ್ನುತ್ತಾರೆ, ಅದು ಆಗ ಹೊಸದು. 2002ರಲ್ಲಿ ಮೊದಲು ಸರ್ವರ್‌ಗಳ ಝಿಯಾನ್ ಪ್ರೊಸೆಸರಿಗೆ ಬಂತು, ಅದೇ ವರ್ಷ ನವೆಂಬರಿನಲ್ಲಿ 3.06 ಗಿಗಾಹರ್ಟ್ಸ್ ಪೆಂಟಿಯಂ 4ರ ಜೊತೆ ಮನೆ ಕಂಪ್ಯೂಟರಿಗೂ ಬಂತು. ಜೋಡಿಸಿ ಕೊಟ್ಟವರು “ಒಳಗೆ ಎರಡು ಪ್ರೊಸೆಸರ್ ಇದೆ” ಅಂದಿದ್ದರು. ವಿಂಡೋಸ್ ಎಕ್ಸ್‌ಪಿಯಲ್ಲಿ ಎರಡು ಚೌಕ ಕಾಣುತ್ತಿತ್ತು. ಮೂರು ವರ್ಷ ಹಾಗೇ ಅಂದುಕೊಂಡಿದ್ದೆ.

2007ರಲ್ಲಿ ಎರಡನೇ ಕಂಪ್ಯೂಟರ್ ಬೇಕಾಯಿತು. ಆಗ ಸಿಕ್ಕಿದ್ದು ಕೋರ್ 2 ಡ್ಯುಯೋ ಇ4300. ವೇಗ 1.8 ಗಿಗಾಹರ್ಟ್ಸ್. ನಮ್ಮ ಯಜಮಾನರು “3.0 ಇರೋವಾಗ 1.8 ಯಾಕೆ ತಗೋತೀಯ?” ಅಂತ ಬೇಡ ಅಂದರು. ನನಗೂ ಅಳುಕಿತ್ತು. ತಂದು ಇಟ್ಟ ಮೊದಲ ದಿನವೇ ಅಳುಕು ಹೋಯಿತು. ಹಳೆಯದರಲ್ಲಿ ಸ್ಕ್ಯಾನರ್ ಓಡುತ್ತಿದ್ದರೆ ಪೇಜ್‌ಮೇಕರಿನಲ್ಲಿ ಹೊಡೆದ ಅಕ್ಷರ ತೆರೆಗೆ ಬರಲು ತಡವರಿಸುತ್ತಿತ್ತು. ಪ್ರಿಂಟ್ ಕೊಟ್ಟರೆ ಕೈ ಕಟ್ಟಿ ಕೂರಬೇಕಿತ್ತು. ಹೊಸದರಲ್ಲಿ ಸ್ಕ್ಯಾನ್ ಒಂದು ಕಡೆ, ಟೈಪಿಂಗ್ ಒಂದು ಕಡೆ. ಒಂದಕ್ಕೊಂದು ಅಡ್ಡ ಬರಲಿಲ್ಲ.

ಎರಡರಲ್ಲೂ ಟಾಸ್ಕ್ ಮ್ಯಾನೇಜರಿನಲ್ಲಿ ಎರಡೇ ಚೌಕ! ಅವತ್ತು ನನಗೆ ತಲೆಯಲ್ಲಿ ಪ್ರಶ್ನೆ ಹುಟ್ಟಿತು. ಎರಡು ಚೌಕ ಅಂದರೆ ಎರಡು ಪ್ರೊಸೆಸರ್ ಆಗಿದ್ದರೆ, ಕಡಿಮೆ ಗಿಗಾಹರ್ಟ್ಸಿನದು ಹೇಗೆ ಗೆದ್ದಿತು?

ಗೆಲ್ಲಲು ಕಾರಣ ಒಂದೇ ಅಲ್ಲ, ಅದನ್ನೂ ಹೇಳಬೇಕು. ಗಿಗಾಹರ್ಟ್ಸ್ ಎಣಿಸುವುದು ಪ್ರೊಸೆಸರಿನ ಬಡಿತವನ್ನು. ಕೋರ್ 2 ಒಂದೊಂದು ಬಡಿತಕ್ಕೂ ಪೆಂಟಿಯಂ 4ಗಿಂತ ಜಾಸ್ತಿ ಕೆಲಸ ಮಾಡುತ್ತಿತ್ತು. ಪೆಂಟಿಯಂ 4ರ ದಾರಿ ಬಹಳ ಉದ್ದ. ನನ್ನ ಬಳಿ ಇದ್ದ, ನಾರ್ತ್‌ವುಡ್ ಅನ್ನುವ ಪೆಂಟಿಯಂ 4ರಲ್ಲಿ ಒಂದು ಆದೇಶ 20 ಹಂತ ದಾಟಬೇಕಿತ್ತು. ಮುಂದೆ ಯಾವ ಆದೇಶ ಬರುತ್ತದೆ ಅನ್ನುವ ಅದರ ಊಹೆ ಎಲ್ಲೋ ತಪ್ಪಿದರೆ ಮತ್ತೆ ಮೊದಲಿಂದ ಶುರು. ಆದರೆ ನನ್ನ ಕೆಲಸಕ್ಕೆ ಕಣ್ಣಿಗೆ ಹೊಡೆದು ಕಂಡಿದ್ದು ಎರಡು ನಿಜವಾದ ಕೋರ್. ಪೆಂಟಿಯಂ 4ರಲ್ಲಿ ಇದ್ದದ್ದು ಒಂದೇ ಕೋರ್. ಅದು ಎರಡರಂತೆ ಕಾಣಿಸಿಕೊಳ್ಳುತ್ತಿತ್ತು ಅಷ್ಟೆ. ಕೋರ್ 2 ಡ್ಯುಯೋದಲ್ಲಿ ಹೈಪರ್ ಥ್ರೆಡಿಂಗ್ ಇರಲೇ ಇಲ್ಲ. 2008ರ ಕೊನೆಗೆ ಮೊದಲ ಕೋರ್ ಐ7 ಬಂದಾಗ ಡೆಸ್ಕ್‌ಟಾಪಿಗೆ ಅದು ವಾಪಸ್ ಬಂತು.

ಇದನ್ನು ಯಾರಿಗಾದರೂ ಹೇಳಬೇಕಾದರೆ ನಾನು ನಮ್ಮ ಕೌಂಟರನ್ನೇ ತೋರಿಸುತ್ತೇನೆ.

ಒಬ್ಬ ತಾತ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಲು ಬರುತ್ತಾರೆ. ವಿವರ ತುಂಬಿದೆ, ಓಟಿಪಿಗೆ ಕೊಟ್ಟೆ. ಓಟಿಪಿ ಹೋಗೋದು ಮನೆಯಲ್ಲಿರುವ ಸೊಸೆಯ ಮೊಬೈಲಿಗೆ. ತಾತ ಫೋನ್ ಮಾಡಬೇಕು, ಸೊಸೆ ಒಲೆ ಸಣ್ಣ ಮಾಡಿ ಬಂದು ನಂಬರ್ ಓದಿ ಹೇಳಬೇಕು. ಎರಡು ನಿಮಿಷ ನನ್ನ ಕೈ ಖಾಲಿ. ಪಕ್ಕದಲ್ಲಿ ಪಾಸ್‌ಪೋರ್ಟ್ ಸೈಜ್ ಫೋಟೊಗೆ ಒಬ್ಬ ಹುಡುಗ ಕಾಯುತ್ತಿದ್ದಾನೆ. ಆ ಎರಡು ನಿಮಿಷದಲ್ಲಿ ಅವನ ಫೋಟೊ ಕತ್ತರಿಸಿ, ಹಿನ್ನೆಲೆ ಬಿಳಿ ಮಾಡಿ, ಎಂಟು ಪ್ರತಿ ಜೋಡಿಸುತ್ತೇನೆ. ಓಟಿಪಿ ಬಂದ ಕೂಡಲೇ ತಾತನ ಅರ್ಜಿಗೆ ವಾಪಸ್. ಇಬ್ಬರಿಗೂ ಅನ್ನಿಸುವುದು ಈ ಮೇಡಂ ನನ್ನ ಕೆಲಸವನ್ನೇ ಮಾಡುತ್ತಿದ್ದಾರೆ ಅಂತ. ಕೂತಿರುವುದು ಒಬ್ಬಳೇ.

ಹೈಪರ್ ಥ್ರೆಡಿಂಗ್ ಅಂದರೆ ಇದು. ಥ್ರೆಡ್ ಅಂದರೆ ಒಂದರ ಹಿಂದೆ ಒಂದು ಬರುವ ಆದೇಶಗಳ ಸಾಲು. ಪ್ರೊಸೆಸರ್ ಕೂಡ ದಿನವಿಡೀ ಓಟಿಪಿಗೆ ಕಾಯುತ್ತಲೇ ಇರುತ್ತದೆ. ಅದರ ಓಟಿಪಿ ಅಂದರೆ ರ‍್ಯಾಮಿನಿಂದ ಬರಬೇಕಾದ ಮಾಹಿತಿ. 3.7 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 370 ಕೋಟಿ ಬಡಿತ. ಬೇಕಾದದ್ದು ಪಕ್ಕದ ಕ್ಯಾಶ್‌ನಲ್ಲಿ ಇದ್ದರೆ ನಾಲ್ಕಾರು ಬಡಿತಕ್ಕೆ ಕೈಗೆ ಸಿಗುತ್ತದೆ. ರ‍್ಯಾಮಿಗೇ ಹೋಗಬೇಕಾದರೆ ನೂರಾರು ಬಡಿತ ಸುಮ್ನೆ ಹೋಗುತ್ತದೆ. ಆ ಖಾಲಿ ಹೊತ್ತಿನಲ್ಲಿ ಎರಡನೇ ಸಾಲಿನ ಆದೇಶ ನಡೆಸೋಣ ಅನ್ನುವುದೇ ಈ ಉಪಾಯ. ಅದಕ್ಕಾಗಿ ಒಂದು ಕೋರಿನಲ್ಲಿ ಎರಡು ಸಾಲುಗಳ ಲೆಕ್ಕ ಇಡುವ ಜಾಗ ಕೊಟ್ಟಿರುತ್ತಾರೆ. ತಾತನ ಅರ್ಜಿ ಎಲ್ಲಿಗೆ ನಿಂತಿದೆ, ಹುಡುಗನ ಫೋಟೊ ಎಲ್ಲಿಗೆ ನಿಂತಿದೆ ಅಂತ ನಾನು ತಲೆಯಲ್ಲಿ ಇಟ್ಟುಕೊಳ್ಳುವ ಹಾಗೆ.

ಕೋರ್ ಇದರಲ್ಲಿ ನನಗಿಂತ ಚುರುಕು. ನಾನು ಒಂದನ್ನು ಬಿಟ್ಟು ಇನ್ನೊಂದು ಹಿಡಿಯುತ್ತೇನೆ. ಅದು ಒಂದೇ ಬಡಿತದಲ್ಲಿ ಒಂದು ಸಾಲಿನ ಕೂಡುವ ಲೆಕ್ಕವನ್ನು ಒಂದು ಘಟಕಕ್ಕೂ, ಇನ್ನೊಂದು ಸಾಲಿನ ಓದುವ ಕೆಲಸವನ್ನು ಮತ್ತೊಂದು ಘಟಕಕ್ಕೂ ಕೊಡಬಲ್ಲದು. ಬಲಗೈ ಮೌಸ್ ಮೇಲೆ, ಎಡಗೈ ಜೆರಾಕ್ಸ್ ಗಾಜಿನ ಮೇಲೆ ಕಾಗದ ಇಡುತ್ತಿರುವಾಗ ನಾನೂ ಹತ್ತಿರ ಹತ್ತಿರ ಹಾಗೇ ಇರುತ್ತೇನೆ.

ಡ್ಯುಯಲ್ ಕೋರ್ ಅಂದರೆ ಬೇರೆ. ನಮ್ಮ ಅಂಗಡಿಯಲ್ಲಿ ನಾನೂ ಇದ್ದೇನೆ, ಹುಡುಗಿಯೂ ಇದ್ದಾಳೆ. ಅವಳಿಗೆ ಅವಳ ಕುರ್ಚಿ, ಅವಳ ಕೀಬೋರ್ಡ್, ಅವಳ ಟೇಬಲ್. ನಾನು ಐವತ್ತು ಪುಟ ಟೈಪ್ ಮಾಡುತ್ತಿದ್ದರೂ ಅವಳ ಕೆಲಸ ನಿಲ್ಲುವುದಿಲ್ಲ. ನಾವಿಬ್ಬರೂ ಹಂಚಿಕೊಳ್ಳುವುದು ಪ್ರಿಂಟರ್ ಮತ್ತು ಹಿಂದಿನ ಕಪಾಟು. ಐ3ಯಲ್ಲೂ ಹಾಗೇ. ಪ್ರತಿ ಕೋರಿಗೂ ಅದರದೇ ಲೆಕ್ಕದ ಘಟಕಗಳು, ತೀರ ಹತ್ತಿರದಲ್ಲಿ ಅದರದೇ ಎಲ್1, ಎಲ್2 ಕ್ಯಾಶ್. ಹಂಚಿಕೊಳ್ಳುವುದು ಎಲ್3 ಮತ್ತು ರ‍್ಯಾಮ್.

ಈಗ ಕಷ್ಟದ ಹೊತ್ತು ನೋಡಿ. ಎದುರಿಗೆ ಇಬ್ಬರು ವಿಟಿಯು ಹುಡುಗರು, ಇಬ್ಬರಿಗೂ ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಆಗಬೇಕು, ಇಬ್ಬರಿಗೂ ಇವತ್ತೇ. ನಾನು ಒಬ್ಬಳೇ ಇದ್ದರೆ? ಟೈಪಿಂಗಿನಲ್ಲಿ ಖಾಲಿ ಹೊತ್ತೇ ಇಲ್ಲ. ಎರಡು ಸಾಲು ಇಟ್ಟುಕೊಂಡು ನನಗೇನೂ ಲಾಭ ಇಲ್ಲ. ಮೇಲೆ ಇಬ್ಬರ ಹಾಳೆಗಳೂ ಒಂದೇ ಟೇಬಲ್ ಮೇಲೆ ಹರಡಿ, ಬೇಕಾದ ಹಾಳೆ ಹುಡುಕಲು ತಡವಾಗುತ್ತದೆ. ಹಳೆಯ ಪೆಂಟಿಯಂ 4ಗೆ ಆಗುತ್ತಿದ್ದದ್ದು ಇದೇ. ನಾರ್ತ್‌ವುಡ್‌ನಲ್ಲಿ ಎಲ್1 ಡೇಟಾ ಕ್ಯಾಶ್ ಇದ್ದದ್ದೇ 8 ಕೆಬಿ. ಅಷ್ಟು ಸಣ್ಣ ಟೇಬಲ್ಲನ್ನು ಎರಡು ಥ್ರೆಡ್ ಹಂಚಿಕೊಳ್ಳಬೇಕು. ಕೆಲವು ಕೆಲಸಗಳಿಗೆ ಎಚ್‌ಟಿ ಆಫ್ ಮಾಡಿದರೇ ಚೆನ್ನಾಗಿ ಓಡುತ್ತಿತ್ತು. ಸ್ಕೈಲೇಕ್‌ನಲ್ಲಿ ಅದೇ ಟೇಬಲ್ 32 ಕೆಬಿ. ಇಕ್ಕಟ್ಟು ಕಡಿಮೆಯಾಗಿದೆ.

ಮಾತು ಸಾಕು, ಅಳೆದು ನೋಡೋಣ ಅಂತ ಹೋದ ವರ್ಷ ದಸರಾ ರಜೆಯಲ್ಲಿ ಕೂತೆ. ಅಕ್ಕನ ಮಗ ಬಂದಿದ್ದ. ಅವನೇ ಒಂದು ಒಳ್ಳೆಯ ದಾರಿ ಹೇಳಿದ. “ಚಿಕ್ಕಮ್ಮ, ಪೆಂಟಿಯಂಗೂ ಐ3ಗೂ ಗಿಗಾಹರ್ಟ್ಸೇ ಬೇರೆ. ಹಂಗೆ ಹೋಲಿಸಿದ್ರೆ ಲೆಕ್ಕ ತಪ್ಪುತ್ತೆ. ಐ3ಯಲ್ಲೇ ಎಚ್‌ಟಿ ಆಫ್ ಮಾಡಿ ನೋಡೋಣ.” ಆಫೀಸಿಗೆ ಅಂತ ಮಾಡಿದ ಡಬ್ಬವಾದ್ದರಿಂದ ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪುಟದಲ್ಲಿ, ಅದಕ್ಕೊಂದು ಟಿಕ್ ಗುರುತು ಇತ್ತು. ತೆಗೆದೆವು. ಈಗ ಅದು ಬರೀ ಡ್ಯುಯಲ್ ಕೋರ್. ಟಾಸ್ಕ್ ಮ್ಯಾನೇಜರಿನಲ್ಲಿ ಎರಡೇ ಚೌಕ. ಅದೇ ಡಬ್ಬ, ಅದೇ ರ‍್ಯಾಮ್, ಅದೇ 3.7.

ಒಬ್ಬ ಗಿರಾಕಿಗೆ ಸ್ಕ್ಯಾನ್ ಮಾಡಿಕೊಟ್ಟ ಹಳೇ ಪುಸ್ತಕದ ಪುಟಗಳು ಇದ್ದವು, ಸುಮಾರು ಒಂದೂವರೆ ಜಿಬಿ. ಆ ಫೋಲ್ಡರನ್ನು ಸೆವೆನ್-ಜಿಪ್‌ನಲ್ಲಿ ಕುಗ್ಗಿಸಿದೆವು. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದೆ. ಎಚ್‌ಟಿ ಇಲ್ಲದೆ 3 ನಿಮಿಷ 58 ಸೆಕೆಂಡ್. ಎಚ್‌ಟಿ ಹಾಕಿದ ಮೇಲೆ 3 ನಿಮಿಷ 10 ಸೆಕೆಂಡ್. ಎರಡೆರಡು ಸಲ ಮಾಡಿದೆವು, ಒಂದೆರಡು ಸೆಕೆಂಡ್ ಆಚೆ ಈಚೆ. ಅಂದರೆ ಅದೇ ಹೊತ್ತಿನಲ್ಲಿ ಕಾಲು ಭಾಗ ಜಾಸ್ತಿ ಕೆಲಸ. ಪೆಂಟಿಯಂ ಅದೇ ಫೋಲ್ಡರಿಗೆ 4 ನಿಮಿಷ 26 ಸೆಕೆಂಡ್ ತೆಗೆದುಕೊಂಡಿತು.

ಆಮೇಲೆ ಕೋರೆಲ್‌ಡ್ರಾದಲ್ಲಿ ಒಂದು ಲಗ್ನಪತ್ರಿಕೆ. ಅಂಚಿಗೆಲ್ಲ ಮಾವಿನ ತೋರಣ, ಮೇಲೆ ಗಣಪತಿ, ನೆರಳು, ಬಂಗಾರದ ಬಣ್ಣದ ಏರಿಳಿತ. ತುಂಬ ಭಾರದ ಫೈಲು. ಪಿಡಿಎಫ್ ಮಾಡಲು ಕೊಟ್ಟೆ. ಎಚ್‌ಟಿ ಇದ್ದಾಗ 41 ಸೆಕೆಂಡ್, ಇಲ್ಲದಾಗಲೂ 41 ಸೆಕೆಂಡ್! ಚೌಕಗಳನ್ನು ನೋಡಿದರೆ ಕಾರಣ ಕಾಣುತ್ತಿತ್ತು. ಹೆಚ್ಚು ಹೊತ್ತು ಒಂದು ಕೋರಿನಷ್ಟೇ ಕೆಲಸ, ಉಳಿದದ್ದು ತಣ್ಣಗೆ. ಒಬ್ಬನೇ ಗಿರಾಕಿ ಇದ್ದರೆ ಎರಡನೇ ಸಾಲು ಇಟ್ಟು ಏನು ಮಾಡೋದು? ಅಲ್ಲಿ ಗೆಲ್ಲುವುದು ಬಡಿತದ ವೇಗ ಮಾತ್ರ. ಪೆಂಟಿಯಂ 3.3 ಆದ್ದರಿಂದ ಐದು ಸೆಕೆಂಡ್ ಹಿಂದೆ ಬಿತ್ತು.

ಕಾಲು ಭಾಗದ ಲಾಭ ನೋಡಿ ನನಗೆ ಸಂತೋಷವೇ ಆಯಿತು. 2002ರಲ್ಲಿ ಇಂಟೆಲ್‌ನವರು ಇದನ್ನು ಮೊದಲು ವಿವರಿಸಿದಾಗ ಚಿಪ್ಪಿನಲ್ಲಿ ಶೇ. 5ಕ್ಕಿಂತ ಕಡಿಮೆ ಜಾಗ ಹಿಡಿಯುತ್ತದೆ, ಲಾಭ ಶೇ. 30ರವರೆಗೂ ಬರುತ್ತದೆ ಅಂದಿದ್ದರು. ನನ್ನ ಸ್ಟಾಪ್‌ವಾಚ್ ಅದಕ್ಕೆ ಹತ್ತಿರವೇ ಬಂತು. ಅಷ್ಟು ಕಡಿಮೆ ಜಾಗದಲ್ಲಿ ಇಷ್ಟು ಕೆಲಸ ತೆಗೆದವರ ಬುದ್ಧಿಗೆ ಕೈಮುಗಿಯಬೇಕು. ಆದರೆ ನಿಜವಾದ ಎರಡು ಕೋರ್ ಜಾಸ್ತಿ ಇದ್ದಿದ್ದರೆ ಏನಾಗುತ್ತಿತ್ತು?

ಅದಕ್ಕೂ ಉತ್ತರ ಸಿಕ್ಕಿತು. ಶ್ರೀನಗರದಲ್ಲಿ ನನ್ನ ಸ್ನೇಹಿತೆಯೊಬ್ಬಳ ಅಂಗಡಿ ಇದೆ, ಅವಳದೂ ಇದೇ ಕೆಲಸ. ಅವಳ ಬಳಿ ಇರುವುದು ಐ5-6500. ಅದೂ ಸ್ಕೈಲೇಕ್. ನಾಲ್ಕು ನಿಜವಾದ ಕೋರ್, ಹೈಪರ್ ಥ್ರೆಡಿಂಗ್ ಇಲ್ಲ, 3.2 ಗಿಗಾಹರ್ಟ್ಸಿನಿಂದ ಶುರುವಾಗಿ 3.6ರವರೆಗೆ ಏರುತ್ತದೆ, ಕ್ಯಾಶ್ 6 ಎಂಬಿ. ಪೆನ್‌ಡ್ರೈವಿನಲ್ಲಿ ಅದೇ ಫೋಲ್ಡರ್ ತೆಗೆದುಕೊಂಡು ಹೋಗಿ ಅವಳ ಎಸ್‌ಎಸ್‌ಡಿಗೆ ಹಾಕಿ ಓಡಿಸಿದೆ. 2 ನಿಮಿಷ 19 ಸೆಕೆಂಡ್. ನನ್ನ ಐ3ಗಿಂತ 51 ಸೆಕೆಂಡ್ ಮೊದಲು. ಅವಳ ತೆರೆಯ ಮೇಲೂ ಚೌಕ ನಾಲ್ಕೇ. ಆ ಶನಿವಾರ ಮೊದಲ ಅಂಗಡಿಯಲ್ಲಿ ಎರಡಕ್ಕೂ ಒಂದೇ ರೇಟು ಹೇಳಿದ್ದು ಎಷ್ಟು ತಪ್ಪು ಅಂತ ಇದರಲ್ಲೇ ಗೊತ್ತಾಗುತ್ತದೆ.

ಹಾಗಂತ ಐ3 ತಂದಿದ್ದಕ್ಕೆ ನನಗೆ ಬೇಜಾರಿಲ್ಲ. ಸ್ಟಾಪ್‌ವಾಚ್ ಹೇಳದ ಮಾತು ಒಂದಿದೆ. ನಮ್ಮ ಅಂಗಡಿಯ ಕೆಲಸ ಸೆವೆನ್-ಜಿಪ್ ತರಹದ್ದಲ್ಲ. ಬೆಳಿಗ್ಗೆ ಹತ್ತೂವರೆಗೆ ಐ3 ತೆರೆಯ ಮೇಲೆ ಏನೇನಿರುತ್ತದೆ ಅಂತ ಹೇಳುತ್ತೇನೆ. ಸೇವಾಸಿಂಧು ಒಂದು ಟ್ಯಾಬ್, ಪಹಣಿ ತೆಗೆಯುವ ಪುಟ ಒಂದು ಟ್ಯಾಬ್, ವಿದ್ಯಾರ್ಥಿ ವೇತನದ್ದು ಒಂದು. ವಾಟ್ಸ್ಆ್ಯಪ್ ವೆಬ್ ಯಾವಾಗಲೂ ತೆರೆದೇ ಇರಬೇಕು, ಯಾಕೆಂದರೆ ಈಗ ಯಾರೂ ಪೆನ್‌ಡ್ರೈವ್ ತರುವುದಿಲ್ಲ, ಎಲ್ಲರೂ “ಮೇಡಂ, ವಾಟ್ಸ್ಆ್ಯಪ್ ಮಾಡಿದೀನಿ ನೋಡಿ” ಅನ್ನುತ್ತಾರೆ. ಸ್ಕ್ಯಾನರ್ ಓಡುತ್ತಿರುತ್ತದೆ. ಪ್ರಿಂಟರಿಗೆ ನೂರು ಪುಟ ಸಾಲಿನಲ್ಲಿ ನಿಂತಿರುತ್ತದೆ. ಇವೆಲ್ಲ ಸಣ್ಣ ಸಣ್ಣ ಕೆಲಸ. ಒಂದೊಂದೂ ಹೆಚ್ಚು ಹೊತ್ತು ಯಾವುದಕ್ಕೋ ಕಾಯುತ್ತಿರುತ್ತದೆ. ಹೈಪರ್ ಥ್ರೆಡಿಂಗಿಗೆ ಹೇಳಿ ಮಾಡಿಸಿದ ಜಾಗ ಇದು. ಎಚ್‌ಟಿ ಆಫ್ ಮಾಡಿ ಒಂದು ದಿನ ಪೂರ್ತಿ ಕೆಲಸ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಹುಡುಗಿಯೇ “ಅಕ್ಕ, ಇವತ್ತು ಇದು ಯಾಕೋ ಎಳೀತಾ ಇದೆ” ಅಂದಳು. ನಾನು ಆಫ್ ಮಾಡಿದ್ದು ಅವಳಿಗೆ ಗೊತ್ತಿರಲಿಲ್ಲ. ಟ್ಯಾಬ್ ಬದಲಿಸಿದರೆ ಅರೆಕ್ಷಣ ಬಿಳಿ ಪುಟ, ಪ್ರಿಂಟ್ ಕೊಟ್ಟರೆ ಮೌಸ್ ಸ್ವಲ್ಪ ತಡೆದು ತಡೆದು ಚಲಿಸುವುದು. ರಾತ್ರಿ ಬಾಗಿಲು ಹಾಕುವ ಮುಂಚೆ ಮತ್ತೆ ಆನ್ ಮಾಡಿದೆ.

ಪೆಂಟಿಯಂ ಡಬ್ಬಕ್ಕೆ ನಾವು ಟೈಪಿಂಗ್ ಮತ್ತು ಡಿಸೈನ್ ಕೊಟ್ಟಿದ್ದೇವೆ. ನುಡಿ, ಪೇಜ್‌ಮೇಕರ್, ಕೋರೆಲ್. ಒಂದು ಹೊತ್ತಿಗೆ ಒಂದೇ ಕೆಲಸ. ಅಲ್ಲಿ ಅದು ಒಂದು ದಿನವೂ ಬೇಸರ ಮಾಡಿಲ್ಲ. ಅಕ್ಷರ ಹೊಡೆದ ಕೂಡಲೇ ಬರುತ್ತದೆ. ಬರೀ ಟೈಪಿಂಗಿಗೆ ಕಂಪ್ಯೂಟರ್ ಬೇಕು ಅನ್ನುವವರು 1,800 ಉಳಿಸಿ, ಆ ದುಡ್ಡಿಗೆ ಒಳ್ಳೆಯ ಕೀಬೋರ್ಡ್ ತಗೊಳ್ಳಿ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ಇಟ್ಟು ದುಡಿಯುವವರು ಐ3ಗೆ ಕೊಡಿ, ದಂಡವಲ್ಲ. ಆದರೆ ವಿಡಿಯೊ ಎಡಿಟಿಂಗ್, ದೊಡ್ಡ ಫೋಟೊ ಆಲ್ಬಂ ಅಂದರೆ ಎಚ್‌ಟಿ ಇರುವ ಎರಡು ಕೋರ್ ಸಾಲದು. ನಾಲ್ಕು ಕೋರ್ ಕೇಳಿ.

ಲ್ಯಾಪ್‌ಟಾಪ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾಲೇಜು ಹುಡುಗರು ಬಂದು “ಆಂಟಿ, ಸೆಕೆಂಡ್ ಹ್ಯಾಂಡ್ ಐ7 ಸಿಕ್ಕಿದೆ, ಅಂದ್ರೆ ನಾಲ್ಕು ಕೋರ್ ಅಲ್ವಾ?” ಅಂತ ಕೇಳುತ್ತಾರೆ. ಐ7-7500ಯು ಅನ್ನುವ ಪ್ರೊಸೆಸರ್ ನೋಡಿ. ಹೆಸರು ಐ7, ಇರುವುದು ಎರಡು ಕೋರ್, ನಾಲ್ಕು ಥ್ರೆಡ್. ಐ5-7200ಯು ಕೂಡ ಹಾಗೇ. ಅದರ ಮುಂದಿನ ತಲೆಮಾರಿನ ಐ5-8250ಯು ನಾಲ್ಕು ಕೋರ್, ಎಂಟು ಥ್ರೆಡ್. ಒಂದೇ ತಲೆಮಾರಿನ ಅಂತರದಲ್ಲಿ ಕೋರ್ ಎರಡು ಪಟ್ಟು ಆಯಿತು. ಹಳೆಯ ಐ7ಗಿಂತ ಆ ಐ5 ಎಷ್ಟೋ ಮೇಲು. ಐ3, ಐ5, ಐ7 ಅನ್ನುವ ಹೆಸರು ನೋಡಿ ದುಡ್ಡು ಕೊಡಬೇಡಿ ಅಂತ ನಾನು ಹುಡುಗರಿಗೆ ಗಟ್ಟಿಯಾಗಿ ಹೇಳುತ್ತೇನೆ. ಪೂರ್ತಿ ನಂಬರ್ ಬರೆದುಕೊಂಡು ಬನ್ನಿ, ಇಂಟೆಲ್‌ನ ಪುಟದಲ್ಲಿ ಹಾಕಿ ನೋಡೋಣ, ಕೋರ್ ಎಷ್ಟು, ಥ್ರೆಡ್ ಎಷ್ಟು ಅಂತ ಬೇರೆ ಬೇರೆ ಬರೆದಿರುತ್ತಾರೆ.

ನಾನು ಕೊಂಡುಕೊಂಡ ಎರಡನೇ ಅಂಗಡಿಯಲ್ಲಿ ಇದನ್ನು ಕೇಳದೆಯೇ ತೋರಿಸಿದರು. ಒಳಗಲ್ಲಿಯಲ್ಲಿ, ಮೊದಲ ಮಹಡಿ, ಮೆಟ್ಟಿಲು ಕಡಿದು. ಇಪ್ಪತ್ತರ ಹುಡುಗ ಒಬ್ಬ ಪ್ರೊಸೆಸರಿನ ವಿವರ ತೋರಿಸುವ ಸಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್ ತೆರೆದು “ಅಕ್ಕ, ಇಲ್ಲಿ ನೋಡಿ, ಕೋರ್ ಎರಡು, ಥ್ರೆಡ್ ನಾಲ್ಕು. ಇದರಲ್ಲಿ ಎರಡು, ಎರಡು” ಅಂತ ಎರಡು ಡಬ್ಬವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ. ಐ5 ಬೇಕಾದರೆ ಹತ್ತು ಸಾವಿರದ ಹತ್ತಿರ ಆಗುತ್ತದೆ ಅಂತಲೂ ಹೇಳಿದ. ಅವತ್ತು ನನ್ನ ಕೈಯಲ್ಲಿ ಅಷ್ಟು ಇರಲಿಲ್ಲ. ಒಂದು ತಿಂಗಳು ವಾರಂಟಿ ಕೊಟ್ಟ, ಬಿಲ್ಲಿನಲ್ಲಿ ಪ್ರೊಸೆಸರಿನ ಪೂರ್ತಿ ನಂಬರ್ ಬರೆದುಕೊಟ್ಟ. ಐ3 ಡಬ್ಬದ ಫ್ಯಾನ್ ಒಂದು ವಾರಕ್ಕೇ ಕರಕರ ಅನ್ನತೊಡಗಿತು. ತೆಗೆದುಕೊಂಡು ಹೋದರೆ ಮಾತಿಲ್ಲದೆ ಬದಲಿಸಿದ. ಅಂಥ ಹುಡುಗರು ಆ ರೋಡಿನಲ್ಲಿ ಇದ್ದಾರೆ, ಹುಡುಕಬೇಕು.

ಕೊರತೆಯೂ ಇದೆ. ಆರನೇ ತಲೆಮಾರಿನ ಈ ಪ್ರೊಸೆಸರುಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ನಮ್ಮ ಕೈಯಲ್ಲಿ ಹಾದುಹೋಗುತ್ತದೆ. ಹಾಗಾಗಿ ಇಂಟರ್‌ನೆಟ್ ಇರುವ ಐ3ಗೆ ಲಿನಕ್ಸ್ ಹಾಕಿಸಿದೆ. ಅರ್ಜಿ ಕೆಲಸಕ್ಕೆ ಬ್ರೌಸರ್ ಇದ್ದರೆ ಸಾಕು. ಪೆಂಟಿಯಂನಲ್ಲಿ ವಿಂಡೋಸ್ 10 ಇದೆ, ಅದಕ್ಕೆ ನೆಟ್ ಕೊಟ್ಟಿಲ್ಲ.

ಇದರ ಜೊತೆಗೆ ಹೈಪರ್ ಥ್ರೆಡಿಂಗಿನ ಬಗ್ಗೆಯೇ ಒಂದು ಭಯ ಇದೆ, ಅದನ್ನು ಅಕ್ಕನ ಮಗ ಹೇಳಿದ. ಒಂದೇ ಟೇಬಲ್ ಮೇಲೆ ಇಬ್ಬರು ಗಿರಾಕಿಗಳ ಕಾಗದ ಹರಡಿದ್ದರೆ ಒಬ್ಬರದ್ದು ಇನ್ನೊಬ್ಬರ ಕಣ್ಣಿಗೆ ಬೀಳಬಹುದು ಅಲ್ವಾ? ಒಂದು ಕೋರಿನ ಎರಡು ಥ್ರೆಡ್‌ಗಳೂ ಎಲ್1 ಕ್ಯಾಶ್ ಹಂಚಿಕೊಳ್ಳುತ್ತವೆ. 2018, 2019ರಲ್ಲಿ ಇಂಟೆಲ್ ಪ್ರೊಸೆಸರುಗಳಲ್ಲಿ ಅಂಥ ಬಿರುಕುಗಳು ಹೊರಬಂದವು. ಓಪನ್‌ಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್ ಮಾಡುವವರು 2018ರಲ್ಲೇ ಹೈಪರ್ ಥ್ರೆಡಿಂಗ್ ಆಫ್ ಮಾಡಿಟ್ಟರು. ಗೂಗಲ್ 2019ರಲ್ಲಿ ಕ್ರೋಮ್ ಓಎಸ್‌ನಲ್ಲಿ ಆಫ್ ಮಾಡಿತು. ನಾನು ಬಯಾಸ್ ಅಪ್‌ಡೇಟ್ ಮಾಡಿಸಿದ್ದೇನೆ, ಲಿನಕ್ಸ್ ಅಪ್‌ಡೇಟ್ ವಾರ ವಾರ ಹಾಕುತ್ತೇನೆ, ಗೊತ್ತಿಲ್ಲದ ಸಾಫ್ಟ್‌ವೇರ್ ಅದರಲ್ಲಿ ಹಾಕುವುದಿಲ್ಲ. ಅಷ್ಟರ ಮೇಲೆ ಎಚ್‌ಟಿ ಆನ್ ಇಟ್ಟಿದ್ದೇನೆ.

ಈಗ ಇಂಟೆಲ್‌ನವರೇ ಇದನ್ನು ಎಲ್ಲ ಚಿಪ್ಪಿಗೂ ಹಾಕುತ್ತಿಲ್ಲ. 2024ರ ಅಕ್ಟೋಬರಿನಲ್ಲಿ ಬಂದ ಡೆಸ್ಕ್‌ಟಾಪಿನ ಕೋರ್ ಅಲ್ಟ್ರಾ 200ಎಸ್ ಸಾಲಿನಲ್ಲಿ ಹೈಪರ್ ಥ್ರೆಡಿಂಗ್ ಇಲ್ಲ. ಅದರ ದೊಡ್ಡ ಚಿಪ್ 285ಕೆಯಲ್ಲಿ 24 ಕೋರ್, ಥ್ರೆಡ್ಡೂ 24ಏ. ಎಎಂಡಿಯವರು ರೈಜೆನ್‌ನಲ್ಲಿ ಇದೇ ಉಪಾಯವನ್ನು ಎಸ್‌ಎಂಟಿ ಅನ್ನುವ ಹೆಸರಿನಲ್ಲಿ ಮುಂದುವರಿಸಿದ್ದಾರೆ. ನಮ್ಮಂಥವರ ಕೈಗೆ ಆ 24 ಕೋರ್ ಬರಲು ಇನ್ನೂ ಎಂಟು ಹತ್ತು ವರ್ಷ ಬೇಕು, ಅದೂ ಯಾವುದಾದರೂ ಆಫೀಸು ಬಿಟ್ಟುಕೊಟ್ಟ ಮೇಲೆ. ಅಲ್ಲಿಯವರೆಗೆ ಎರಡು ಕೋರ್, ನಾಲ್ಕು ಥ್ರೆಡ್‌ನ ಲೆಕ್ಕವೇ ನಮ್ಮ ಲೆಕ್ಕ.

ಹೋದ ವಾರ ಅದೇ ಹುಡುಗನಿಗೆ ಫೋನ್ ಮಾಡಿದ್ದೆ. ಬಿಡಿ ಐ5-6500 ಚಿಪ್ 2,300ಕ್ಕೆ ಕೊಡುತ್ತಾನಂತೆ. ನಮ್ಮ ಡಬ್ಬದಲ್ಲಿ ಚಿಪ್ ಕೂರುವ ಸಾಕೆಟ್ ಅದೇ ಎಲ್‌ಜಿಎ 1151, ಇದೇ ಮಾಡೆಲ್ ಐ5 ಹಾಕಿಯೂ ಬರುತ್ತಿತ್ತು, ಫ್ಯಾನ್ ಕೂಡ ಬದಲಿಸಬೇಕಿಲ್ಲ ಅಂದ. ಶನಿವಾರ ಎರಡೂ ಡಬ್ಬ ಆಟೊದಲ್ಲಿ ಹಾಕಿಕೊಂಡು ಹೋಗುತ್ತಿದ್ದೇನೆ. ಐ5 ಅರ್ಜಿ ಡಬ್ಬಕ್ಕೆ ಕೂರುತ್ತದೆ. ಅಲ್ಲಿಂದ ತೆಗೆದ ಐ3 ಟೈಪಿಂಗ್ ಡಬ್ಬಕ್ಕೆ ಬರುತ್ತದೆ. ಪೆಂಟಿಯಂ ಜಿ4400 ಹೊರಗೆ ಬರುತ್ತದೆ. ಅದನ್ನು ಮಾರುವುದಿಲ್ಲ. ನಮ್ಮ ಹುಡುಗಿಯ ತಮ್ಮ ಪಿಯುಸಿಗೆ ಸೇರಿದ್ದಾನೆ, ಅವರ ಮನೆಯಲ್ಲಿ ಇದೇ ಸಾಕೆಟ್ಟಿನ ಒಂದು ಖಾಲಿ ಬೋರ್ಡ್ ಇದೆಯಂತೆ.